ತೊಡೆಸಂದಿನ ಹರ್ನಿಯಾ: ಕೊಯ್ದು ಮಾಡಿಸುವುದೋ, ದುರ್ಬೀನ್‌ನಿಂದಲೋ?

ಕೆಮ್ಮಿದಾಗ ತೊಡೆಸಂದಿನಲ್ಲಿ ಉಬ್ಬಿ, ಮಲಗಿದಾಗ ಒಳಗೆ ಸರಿಯುವ ಗಂಟು ಬಹುಪಾಲು ಹರ್ನಿಯಾ, ಅಂದರೆ ಹೊಟ್ಟೆಯ ಸ್ನಾಯುಗೋಡೆಯ ತೂತಿನಿಂದ ಕರುಳೋ ಕೊಬ್ಬೋ ಹೊರಚಾಚುವುದು. ಗುಳಿಗೆ, ಲೇಪ, ಸೊಂಟದ ಪಟ್ಟಿ ಯಾವುದೂ ಆ ತೂತನ್ನು ಮುಚ್ಚುವುದಿಲ್ಲ. ಆಪರೇಷನ್ ಎಂದು ನಿಶ್ಚಯವಾದ ಕೂಡಲೇ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕೇಳುವುದು ಒಂದೇ ಮಾತು: ‘ಕೊಯ್ದು ಮಾಡ್ತೀರೋ, ದುರ್ಬೀನ್ ಹಾಕಿ ಮಾಡ್ತೀರೋ?’ ದುರ್ಬೀನ್ ಎಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಲ್ಯಾಪರೊಸ್ಕೋಪಿ. ಎರಡರಲ್ಲೂ ಮೆಶ್ ಎನ್ನುವ ಜಾಳಿ ಕೂರಿಸುತ್ತಾರೆ. ಅದು ಸ್ನಾಯುಗೋಡೆಯ ಮುಂದೆ ಕೂರುತ್ತದೋ ಹಿಂದೆಯೋ ಎಂಬುದೇ ನಿಜವಾದ ವ್ಯತ್ಯಾಸ.

ಕೊಯ್ದು ಮಾಡುವಾಗ 5–6 ಸೆಂ.ಮೀ. ಗಾಯ. ಸುಮಾರು 7×15 ಸೆಂ.ಮೀ. ಜಾಳಿಯ ಒಂದು ತುದಿಯನ್ನು ಸೀಳಿ, ವೃಷಣಕ್ಕೆ ಹೋಗುವ ನಾಳದ ಸುತ್ತ ಕತ್ತರಿಯಂತೆ ದಾಟಿಸಿ ಹೊಲಿಯುತ್ತಾರೆ. ಇನ್ನೊಂದು ತುದಿ ಜನನಾಂಗದ ಮೇಲ್ಗಡೆಯ ಎಲುಬನ್ನು (ಪ್ಯೂಬಿಕ್ ಎಲುಬು) ದಾಟಿ ಒಂದೂವರೆ–ಎರಡು ಸೆಂ.ಮೀ. ಚಾಚಿರಬೇಕು, ಅಲ್ಲಿ ಜಿಪುಣತನ ಮಾಡಿದರೆ ಹರ್ನಿಯಾ ಮರಳುವುದು ಆ ಮೂಲೆಯಿಂದಲೇ. ಅದೇ ಜಾಗದಲ್ಲಿ ಮೂರು ಸಣ್ಣ ನರಗಳಿವೆ. ಒಂದು ಹೊಲಿಗೆಗೆ ಸಿಕ್ಕರೂ ತಿಂಗಳುಗಟ್ಟಲೆ ಉರಿ. ಕೊಯ್ದು ಮಾಡುವುದರ ದೊಡ್ಡ ಲಾಭವೆಂದರೆ, ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟೋ ಬೆನ್ನಿಗೆ ಕೊಟ್ಟೋ ಮುಗಿಸಬಹುದು.

ದುರ್ಬೀನ್‌ನಲ್ಲಿ ಹೊಕ್ಕುಳದ ಹತ್ತಿರ 10 ಮಿ.ಮೀ. ತೂತು, ಜೊತೆಗೆ 5 ಮಿ.ಮೀ.ನ ಎರಡು. ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, 10×15 ಸೆಂ.ಮೀ. ಜಾಳಿಯನ್ನು ಗೋಡೆಯ ಹಿಂಬದಿಗೆ ಹಾಸುತ್ತಾರೆ. ಕೆಳಗೆ ಸಾಕಷ್ಟು ಜಾಗ ಬಿಡಿಸದಿದ್ದರೆ ಗ್ಯಾಸ್ ಬಿಟ್ಟಾಗ ಜಾಳಿಯ ಅಂಚು ಚಾಪೆಯ ತುದಿಯಂತೆ ಸುರುಳಿಯಾಗುತ್ತದೆ, ಹರ್ನಿಯಾ ಅದರಡಿ ನುಸುಳುತ್ತದೆ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು, ಖರ್ಚು ಹೆಚ್ಚು. ನೋವು ಕಡಿಮೆ, ಕೆಲಸಕ್ಕೆ ಕೆಲವು ದಿನ ಬೇಗ ಮರಳಬಹುದು. ಕರುಳಿಗೋ ಮೂತ್ರಚೀಲಕ್ಕೋ ಪೆಟ್ಟಾಗುವುದು ಅಪರೂಪ, ಆದರೆ ಆಯಿತೆಂದರೆ ದೊಡ್ಡ ತ್ರಾಸು.

ಎರಡೂ ಕಡೆ ಹರ್ನಿಯಾ ಇದ್ದರೆ ದುರ್ಬೀನ್ ಒಳ್ಳೆಯದು. ಅದೇ ಮೂರು ತೂತಿನಲ್ಲಿ ಎರಡೂ ಮುಗಿಯುತ್ತವೆ. ಹೆಂಗಸರಿಗೂ ಅದೇ, ಏಕೆಂದರೆ ಅವರಲ್ಲಿ ತೊಡೆಯ ರಕ್ತನಾಳದ ಪಕ್ಕದ ತೂತು ಮುಂದಿನಿಂದ ಕಣ್ತಪ್ಪಬಹುದು. ಮೊದಲು ಕೊಯ್ದು ಮಾಡಿಸಿ ಮರಳಿ ಬಂದಿದ್ದರೆ ದುರ್ಬೀನ್. ದುರ್ಬೀನ್ ಮಾಡಿಸಿ ಬಂದಿದ್ದರೆ ಕೊಯ್ದು. ಹಳೆಯ ಗಾಯದ ಗಂಟಿಲ್ಲದ ಪದರದಲ್ಲಿ ಕೆಲಸ ಸಲೀಸು. ಪ್ರೊಸ್ಟೇಟ್ ಗ್ರಂಥಿ ತೆಗೆಸಿದವರಿಗೆ, ಪೂರ್ತಿ ಅರಿವಳಿಕೆ ತಾಳದ ಎದೆಯವರಿಗೆ, ವೃಷಣದವರೆಗೆ ಇಳಿದ ಹಳೆಯ ದೊಡ್ಡ ಹರ್ನಿಯಾಕ್ಕೆ ಸಾಮಾನ್ಯವಾಗಿ ಕೊಯ್ಯುವುದೇ ವಾಸಿ. ಗಂಡಸಿಗೆ ಒಂದೇ ಕಡೆ, ಮೊದಲ ಸಲವಾದರೆ ಎರಡೂ ನಡೆಯುತ್ತದೆ. ಆಗ ಸರ್ಜನ್‌ರ ಕೈ ನೋಡಿ ಆರಿಸಿ. ದುರ್ಬೀನ್ ಕೈಗೆ ಕೂರಲು 50–100 ಆಪರೇಷನ್ ಬೇಕು, ಹಾಗಾಗಿ ‘ಎಷ್ಟು ಮಾಡಿದ್ದೀರಿ, ನಡುವೆ ಆಗದಿದ್ದರೆ ಕೊಯ್ದು ಮುಗಿಸುತ್ತೀರಾ?’ ಎಂದು ಸಂಕೋಚವಿಲ್ಲದೆ ಕೇಳಿ. ‘ಲೇಸರ್ ಹರ್ನಿಯಾ’ ಬೋರ್ಡ್ ಕಂಡರೆ ಜಾಳಿ ಯಾವ ದಾರಿಯಿಂದ ಹಾಕುತ್ತೀರಿ ಎಂದೇ ಕೇಳಿ. ಲೇಸರ್ ತೂತು ಮುಚ್ಚುವುದಿಲ್ಲ.

ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಮಾಡಿಸುವುದಾದರೆ ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಖಾಸಗಿಗೆ ರೆಫರಲ್ ಚೀಟಿ ಬೇಕೇ, ಯೋಜನೆಯಲ್ಲಿ ದುರ್ಬೀನ್ ಸೇರಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ.

ಆಪರೇಷನ್ನಿಗೆ 6 ತಾಸು ಮುಂಚೆ ಊಟ ನಿಲ್ಲಿಸಿ. ನೀರು ಎಷ್ಟೊತ್ತಿನವರೆಗೆ ಎಂದು ಅರಿವಳಿಕೆ ವೈದ್ಯರನ್ನು ಕೇಳಿ. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿ, ಕಣ್ಣಿಗೆ ಕಾಣದ ಗೀರುಗಳಿಂದ ಕೀವಾಗುತ್ತದೆ. ರಕ್ತ ತೆಳುಮಾಡುವ ಗುಳಿಗೆಗಳ ಹೆಸರು ತಪ್ಪದೆ ಹೇಳಿ. ಬೀಡಿ, ತಂಬಾಕು ಬಿಡಿ.

ಆದ ದಿನವೇ ಎದ್ದು ಅಡ್ಡಾಡಿ. ಕೆಮ್ಮುವಾಗ ಗಾಯದ ಮೇಲೆ ಅಂಗೈ ಒತ್ತಿ. ಹಗುರ ಕೆಲಸಕ್ಕೆ ವಾರ–ಹತ್ತು ದಿನ ಸಾಕು. ಕಬ್ಬಿನ ಹೊರೆ, 50 ಕೆ.ಜಿ. ಚೀಲಕ್ಕೆ 4–6 ವಾರ ಕಾಯಿರಿ. ದುರ್ಬೀನ್ ಆದ ಮೇಲೆ ಅದೇ ಜಾಗದಲ್ಲಿ ಊತ ಕಂಡು ‘ಮತ್ತೆ ಬಂತು’ ಎಂದು ಗಾಬರಿಯಾಗುವವರು ಬಹಳ. ಮಲಗಿದರೂ ಇಳಿಯದೆ, ಕೆಮ್ಮಿದರೂ ಉಬ್ಬದೆ ಇದ್ದರೆ ಅದು ಹೆಚ್ಚಾಗಿ ತುಂಬಿಕೊಂಡ ನೀರು. ವಾರಗಳಲ್ಲಿ ತಾನೇ ಇಂಗುತ್ತದೆ. ಡಾಕ್ಟರಿಗೆ ತೋರಿಸಿ, ಆದರೆ ಸೂಜಿ ಚುಚ್ಚಿಸಲು ಅವಸರಪಡಬೇಡಿ. ಜ್ವರ, ಕೀವು, ಮೂತ್ರ ಕಟ್ಟುವುದು ಇದ್ದರೆ ಅಂದೇ ಹೋಗಿ.

ಆಪರೇಷನ್ ತಾರೀಖಿಗೆ ಕಾಯುವಾಗಲೇ ಗಂಟು ಒಳಹೋಗದೆ ಗಟ್ಟಿಯಾಗಿ, ನೋವು ಏರಿ, ವಾಂತಿಯಾಗಿ, ವಾಯು ಹೋಗುವುದು ನಿಂತರೆ ಕರುಳು ಸಿಕ್ಕಿಕೊಂಡಿದೆ ಎಂದೇ ತಿಳಿಯಿರಿ. ತಿಕ್ಕಿಸಬೇಡಿ, ಏನೂ ಕುಡಿಸಬೇಡಿ, 108 ಕರೆಯಿರಿ.