ಸಂಜ್ಞೆ ಭಾಷೆ ಅನುವಾದಿಸುವ ಆ್ಯಪ್ ಹಾಕಿಕೊಳ್ಳುವ ಮುನ್ನ

ಕಿವುಡರ ಕೈಸನ್ನೆಯನ್ನು ಮಾತಾಗಿಸುವ ಆ್ಯಪ್, ಕೈಗವಸು ಅಂತ ವಿಡಿಯೋ ನೋಡಿ ಖುಷಿಪಟ್ಟವರಿಗೆ ಒಂದು ಮಾತು. ಮೊದಲು ಅದು ಯಾವ ಸಂಜ್ಞೆ ಭಾಷೆಗೆ ಮಾಡಿದ್ದು ಅಂತ ನೋಡಿ. ಅಮೆರಿಕ, ಬ್ರಿಟನ್ ಎರಡೂ ಕಡೆ ಆಡುವುದು ಇಂಗ್ಲಿಷೇ ಆದರೂ ಸಂಜ್ಞೆ ಭಾಷೆಗಳು ಬೇರೆ ಬೇರೆ. ಅಕ್ಷರ ತೋರಿಸಲು ಅಮೆರಿಕದವರಿಗೆ ಒಂದು ಕೈ ಸಾಕು, ಬ್ರಿಟನ್ನಿನವರಿಗೆ ಎರಡೂ ಬೇಕು!

ಆಮೇಲೆ ಮುಖ. ಅಮೆರಿಕದ ಸಂಜ್ಞೆ ಭಾಷೆಯಲ್ಲಿ ‘ಬರೋದು’ ಅನ್ನೋ ಸನ್ನೆ ಮಾಡುತ್ತಾ ಹುಬ್ಬು ಮೇಲೇರಿಸಿದರೆ ಅದೇ ‘ಬರ್ತೀರಾ?’ ಅನ್ನೋ ಪ್ರಶ್ನೆ. ತಲೆ ಅಡ್ಡಡ್ಡ ಆಡಿಸಿದರೆ ‘ಬರಲ್ಲ’. ಕೈಗವಸಿಗೆ ಇದು ಕಾಣುವುದೇ ಇಲ್ಲ. ಕ್ಯಾಮೆರಾ ವಾಸಿ, ಆದರೆ ಬೆಳಕು ಎದುರಿನಿಂದ ಬೀಳಬೇಕು, ಸೊಂಟದಿಂದ ತಲೆವರೆಗೂ ಕಾಣಬೇಕು. ಆಗಲೂ ಬಿಡಿ ಪದ ಹಿಡಿಯುತ್ತೆ, ಸರಾಗ ಮಾತುಕತೆಯಲ್ಲಿ ಎಡವುತ್ತೆ.

ಸಣ್ಣಪುಟ್ಟ ಮಾತಿಗೆ ನಾನಂತೂ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಥರದ ಆ್ಯಪನ್ನೇ ಹೇಳೋದು. ನೀವು ಆಡಿದ್ದು ಪರದೆ ಮೇಲೆ ಅಕ್ಷರವಾಗಿ ಬರುತ್ತೆ, ಎದುರಿನ ಕಿವುಡರು ಟೈಪ್ ಮಾಡಿ ಉತ್ತರಿಸಬಹುದು. (ಓದು ಬರಹ ಅಷ್ಟು ಸಲೀಸಲ್ಲದವರೂ ಇರುತ್ತಾರೆ, ಮೊದಲೇ ಕೇಳಿಕೊಳ್ಳಿ.) ಮಾತಾಡುವಾಗ ಫೋನ್ ನೋಡಬೇಡಿ, ಅವರ ಮುಖ ನೋಡಿ. ವೈದ್ಯರ ಹತ್ತಿರ, ಕೋರ್ಟಿನಲ್ಲಿ ಆ್ಯಪ್ ನೆಚ್ಚಿಕೊಳ್ಳದೆ ಸಂಜ್ಞೆ ಭಾಷೆಯ ದುಭಾಷಿಯನ್ನೇ ಕರೆಸಿ.