ಮೆಟ್ಟುಗತ್ತಿಯ ಮೊಣಕೈಗೆ ಮರಳಿನ ಬಾಟಲಿ

ನಾನು ಫಿಸಿಯೋಥೆರಪಿಸ್ಟ್. ಕಳೆದ ಅಡಿಕೆ ಸುಗ್ಗಿಯಲ್ಲಿ ಮೊಣಕೈಯ ಹೊರಬದಿಯ ನೋವು, ಅಂದರೆ ಟೆನ್ನಿಸ್ ಎಲ್ಬೋ, ಎಂದು ನನ್ನ ಬಳಿ ಬಂದವರು 22 ಜನವೋ 23 ಜನವೋ. ಅವರಲ್ಲಿ 17 ಮಂದಿ ಈಗ ನೋವಿಲ್ಲದೆ ಅಡಿಕೆ ಸುಲಿಯುತ್ತಿದ್ದಾರೆ. “ಬಾಟಲಿ ಎತ್ತಿಸಿ ಟೆನ್ನಿಸ್ ಎಲ್ಬೋ ವಾಸಿ ಮಾಡುತ್ತೀರಂತೆ” ಎಂದು ನಕ್ಕಿದ್ದ ವೈದ್ಯರೇ ಈಗ ಚೀಟಿ ಬರೆದು ಕಳಿಸುತ್ತಾರೆ.

ಸಾಗರದ ಸುತ್ತಮುತ್ತ ಟೆನ್ನಿಸ್ ಆಡುವವರು ಯಾರು? ಇಲ್ಲಿ ಬ್ರೆವಿಸ್, ಅಂದರೆ ಮೊಣಕೈಯ ಹೊರಬದಿಯಿಂದ ಹೊರಟು ಮಣಿಕಟ್ಟನ್ನು ಎತ್ತುವ ಸ್ನಾಯು, ಸೋಲುವುದು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಕಾಯಿಯನ್ನು ಅಲಗಿಗೆ ಒತ್ತಿ ತಿರುಗಿಸುವಾಗ ಬೆರಳುಗಳು ಬಿಗಿಯುತ್ತವೆ. ಮಣಿಕಟ್ಟು ಒಳಕ್ಕೆ ಮಡಚದಂತೆ ದಿನವಿಡೀ ಹಿಂದಿನಿಂದ ಜಗ್ಗಿ ಹಿಡಿಯುವ ಕೆಲಸ ಈ ಸ್ನಾಯುವಿನದು.

ಮೊದಲು ನಾನೂ ಸಾಲ ಮಾಡಿ 40,000 ಚಿಲ್ಲರೆಗೆ, ನೋವಿನ ಜಾಗಕ್ಕೆ ಧ್ವನಿತರಂಗ ಹಾಯಿಸುವ ಅಲ್ಟ್ರಾಸೌಂಡ್ ಯಂತ್ರ ತಂದವನೇ. ಹತ್ತು ದಿನ ಬನ್ನಿ ಎಂದರೆ ನಾಲ್ಕನೆಯ ದಿನಕ್ಕೆ ನಾಪತ್ತೆ. ನನ್ನ 250 ರೂಪಾಯಿಯ ಜೊತೆ ಅರ್ಧ ದಿನದ ಕೂಲಿಯೂ ಹೋಗುತ್ತದಲ್ಲ! ಸ್ಟಿರಾಯ್ಡ್ ಚುಚ್ಚಿಸಿಕೊಂಡವರು ವಾರದಲ್ಲೇ ಕತ್ತಿಯ ಮುಂದೆ ಕೂತರು; ಶಿವರಾತ್ರಿಯ ಹೊತ್ತಿಗೆ ಹಾಲಿನ ಚೊಂಬು ಎತ್ತಲಾರದೆ ಮರಳಿ ಬಂದರು.

ಬಾಟಲಿಯಲ್ಲೂ ಎಡವಿದ್ದೇನೆ. ಅವಸರಕ್ಕೆ ಬಾಟಲಿಯ ಬದಲು ಎರಡು ಕಿಲೋ ಡಂಬೆಲ್ ಕೊಟ್ಟೆ, ಮೂವರು ಮತ್ತೆ ನನ್ನತ್ತ ಬರಲಿಲ್ಲ. ಈಗ ಮೊದಲ ವಾರ ಅಲುಗಾಟವೇ ಇಲ್ಲ: ಮಣಿಕಟ್ಟನ್ನು ಎತ್ತಿ 45 ಸೆಕೆಂಡು ಹಿಡಿಯುವುದು, ಐದು ಸಲ. ಆಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ. ಅದನ್ನು ಹಿಡಿದ ಮಣಿಕಟ್ಟನ್ನು ಮೇಲೆತ್ತಲು ಇನ್ನೊಂದು ಕೈಯ ಸಹಾಯ. ಇಳಿಸುವುದು ಮಾತ್ರ ನೋಯುವ ಕೈಯೇ, ನಾಲ್ಕು ಎಣಿಸುತ್ತ. ಮರುದಿನ ಬೆಳಗ್ಗೆ ಚೊಂಬು ಎತ್ತುವಾಗ ನೋವು ಹೆಚ್ಚಿರದಿದ್ದರೆ ಮುಂದುವರಿಕೆ. ನಾಲ್ಕೈದು ವಾರಕ್ಕೆ ಅದೇ ಬಾಟಲಿಗೆ ಮರಳು. ತೂಕ ಮುಕ್ಕಾಲು ಕಿಲೋ ದಾಟುತ್ತದೆ. ಒಟ್ಟು ಮೂರು ತಿಂಗಳು, ನನ್ನಲ್ಲಿಗೆ ಬರುವುದು ಆರೇ ಸಲ. ಬಾಟಲಿಗೆ ಸುತ್ತಿಸುವ ಬಟ್ಟೆಯ ದಪ್ಪವನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಅನ್ನ.

ಇದೇ ನೋವಿಗೆ ಎರಡೂ ಕೈಯಲ್ಲಿ ಹಿಡಿದು ತಿರುಚುವ ರಬ್ಬರ್ ಕೋಲೂ ಇದೆ. ಅದಕ್ಕೆ 2,000 ರೂಪಾಯಿ ಯಾಕೆ ಎಂದು ತೋಟದ ನೀರಿನ ಪೈಪನ್ನು ಕತ್ತರಿಸಿಯೂ ನೋಡಿದೆ. ನಡುವೆ ಮುರಿದು ಮಡಚಿಕೊಂಡಿತು. ಸ್ಕೂಟರಿನ ಹಳೆಯ ಟ್ಯೂಬು ಪರವಾಗಿಲ್ಲ, ಆದರೆ ಆ ವಾಸನೆಗೆ ಮನೆಯವರು ಒಪ್ಪಲಿಲ್ಲ.

ಒಬ್ಬ ಬಡಗಿಯಲ್ಲಿ ಪೂರ್ತಿ ಸೋತೆ. ನೆಟ್ಟಗೆ ಚಾಚಿದ ನಡುಬೆರಳನ್ನು ಮೇಲಿಂದ ಒತ್ತಿ ಮೊಣಕೈ ನೋಯುತ್ತದೆಯೇ ಎಂದು ನೋಡುವ ಪರೀಕ್ಷೆಯೊಂದನ್ನೇ ನಂಬಿ ಐದು ವಾರ ಬಾಟಲಿ ಎತ್ತಿಸಿದೆ. ನೋವು ಏರುತ್ತಲೇ ಹೋಯಿತು. ಮೊಣಕೈಯ ಹೊರಬದಿಯ ಮೂಳೆಯ ಗುಬುಟಿನಿಂದ ಎರಡು-ಮೂರು ಬೆರಳು ಕೆಳಗೆ ಒತ್ತಿದಾಗ ಆತ ಕುರ್ಚಿಯಿಂದ ಎದ್ದೇ ಬಿಟ್ಟ. ತೊಂದರೆ ಬ್ರೆವಿಸ್‌ನದಲ್ಲ, ಮುಂಗೈಯ ಸ್ನಾಯುಗಳ ನಡುವೆ ಸಿಕ್ಕಿಕೊಂಡಿದ್ದ ರೇಡಿಯಲ್ ನರದ್ದು; ನರ ಸಿಕ್ಕಿಕೊಂಡಾಗಲೂ ಆ ಪರೀಕ್ಷೆ ನೋಯಿಸುತ್ತದೆ. ಹಣ ಹಿಂದಿರುಗಿಸಿದೆ. ಈಗ ಯಾರೇ ಬಂದರೂ ಮೊದಲು ನನ್ನ ಹೆಬ್ಬೆರಳು ಹೋಗುವುದು ಆ ಜಾಗಕ್ಕೆ.