ಎಡಿಸನ್‌ನಲ್ಲಿ ನಮ್ಮ ಮನೆಯ ಸಾರಿನ ಪುಡಿ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿಗೆ ಬಂದ ಹೊಸದರಲ್ಲಿ ನಾನು ಇಲ್ಲಿನ ಓಕ್ ಟ್ರೀ ರೋಡಿನ ಭಾರತೀಯ ಅಂಗಡಿಗಳಿಂದ ರಸಂ ಪುಡಿ ತರುತ್ತಿದ್ದೆ. ಒಂದು ದಿನ ಮಗಳು, "ಅಮ್ಮಾ, ಇವತ್ತೂ ರಸಂ ಅನ್ನನಾ?" ಎಂದಳು. ನಮ್ಮ ಮೈಸೂರಿನ ಮನೆಯಲ್ಲಿ ಅದು ಸಾರು. ಪ್ಯಾಕೆಟ್ಟಿನ ಮೇಲೆ ಇಲ್ಲದ ಹೆಸರು ಅವಳ ಬಾಯಿಗೆ ಎಲ್ಲಿಂದ ಬರಬೇಕು? ಆ ಶನಿವಾರವೇ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪುಡಿ ಮಾಡಿದೆ.

ಅಮ್ಮ ಫೋನಿನಲ್ಲಿ ಹೇಳಿದ್ದು ಪಾವು, ಹಿಡಿ, ಚಿಟಿಕೆಯ ಲೆಕ್ಕ. ನಾನು ಕಪ್ಪಿಗೆ ಇಳಿಸಿಕೊಂಡೆ. ಕೊತ್ತಂಬರಿ ಬೀಜ 1 ಕಪ್, ಬ್ಯಾಡಗಿ ಮೆಣಸಿನಕಾಯಿ 25, ಜೀರಿಗೆ 2 ದೊಡ್ಡ ಚಮಚ, ಕಾಳುಮೆಣಸು 1 ದೊಡ್ಡ ಚಮಚ, ಮೆಂತ್ಯ ಮತ್ತು ಸಾಸಿವೆ ಒಂದೊಂದು ಸಣ್ಣ ಚಮಚ, ಕರಿಬೇವು ಎರಡು ಎಸಳು, ಇಂಗು, ಅರಿಸಿನ.

ಮೆಣಸಿನಕಾಯಿಯಲ್ಲಿ ಮಾತ್ರ ರಾಜಿ ಬೇಡ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಸಿಗದಿದ್ದರೆ ಕಾಶ್ಮೀರಿ ತನ್ನಿ. ಗುಂಟೂರು ಹಾಕಿದರೆ ಇಷ್ಟೇ ಎಣಿಕೆಗೆ ಮಕ್ಕಳು ತಟ್ಟೆ ಬಿಟ್ಟು ಏಳುತ್ತಾರೆ. ಕರಿಬೇವನ್ನು ಊರಿಂದ ಬ್ಯಾಗಿನಲ್ಲಿ ತರಬೇಡಿ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರಬಹುದು ಎಂದು ಅಮೆರಿಕ ಅದನ್ನು ಬಿಡುವುದಿಲ್ಲ. ಇಲ್ಲಿನ ಅಂಗಡಿಯಲ್ಲೇ ಕೊಳ್ಳಿ.

ಒಂದೊಂದನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕೆಂಪಾದ ಕೂಡಲೇ ತೆಗೆಯಿರಿ, ಕಪ್ಪಾದರೆ ಇಡೀ ಪುಡಿ ಕಹಿ. ಮೆಣಸಿನಕಾಯಿ ಕೊನೆಗೆ, ನಾಲ್ಕು ಹನಿ ಎಣ್ಣೆಯಲ್ಲಿ. ಅದಕ್ಕೆ ಮುಂಚೆ ಕಿಟಕಿ ತೆರೆದು ಫ್ಯಾನ್ ಹಾಕಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲ ಸಲ ಹೊಗೆಯ ಅಲಾರಂ ಕೂಗಿ ಮಗು ಹೆದರಿಬಿಟ್ಟಿತ್ತು. ಒಲೆ ಆರಿಸಿ, ಬಿಸಿ ಬಾಣಲೆಗೆ ಇಂಗು, ಅರಿಸಿನ ಹಾಕಿ. ಪೂರ್ತಿ ಆರಿದ ಮೇಲೆಯೇ ಮಿಕ್ಸಿಗೆ. ಎರಡು ವಾರಕ್ಕಾಗುವಷ್ಟು ಹೊರಗಿಟ್ಟು ಉಳಿದದ್ದನ್ನು ಫ್ರೀಜರಿನಲ್ಲಿಡಿ.

ಅರ್ಧ ಕಪ್ ತೊಗರಿಬೇಳೆಯ ಸಾರಿಗೆ 2 ಸಣ್ಣ ಚಮಚ ಪುಡಿ ಸಾಕು. ಎರಡು ಟೊಮೆಟೊ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಒಂದು ಚೂರು ಬೆಲ್ಲ, ಉಪ್ಪು. ಹಸಿ ವಾಸನೆ ಹೋಗುವವರೆಗೆ ಕುದಿಸಿ, ತುಪ್ಪದಲ್ಲಿ ಸಾಸಿವೆ ಒಗ್ಗರಣೆ ಕೊಡಿ.

ಒಗ್ಗರಣೆಗೆ ಮುಂಚೆ ಮಕ್ಕಳನ್ನು ಕರೆದು ಅಂಗೈಗೆ ಎರಡು ಹನಿ ಹಾಕಿ. ಉಪ್ಪು ಸಾಕಾ, ಹುಳಿ ಬೇಕಾ ಎಂದು ಕನ್ನಡದಲ್ಲೇ ಕೇಳಿ. ನನ್ನ ಮಗಳು ಈಗ ನಾಲಿಗೆ ಚಪ್ಪರಿಸಿ ಹೇಳುತ್ತಾಳೆ: "ಸಾರಿಗೆ ಇನ್ನೊಂದು ಚೂರು ಹುಳಿ ಬೇಕಮ್ಮಾ."